ಹಾಳೆಗೆ ಬಂದ ಊರು

ಮೇಲಿನ ಮನೆಯ 'ನಕ್ಷೆ ತಾತ' ಕಟ್ಟಡಗಳ ನಕ್ಷೆ ಬರೆದೇ ತಲೆ ನರೆತವರು. ತಂತ್ರಜ್ಞಾನದ ಸುದ್ದಿ ಓದದೆ ಅವರಿಗೆ ಬೆಳಗಾಗದು. ಹೊಸ ಫೋನು ಬಂದರೆ, "ಅದೇ ಮುಖ, ಬೇರೆ ಪೌಡರು" ಎನ್ನುತ್ತಾರೆ. ದುಡ್ಡು ಕೊಟ್ಟು ಇಳಿಸಿಕೊಂಡ ಹಾಡು, ಸಿನಿಮಾ, ಆಟಗಳೆಲ್ಲ ಅವರ ಪ್ರಕಾರ ಬಾಡಿಗೆ ಮನೆ: "ಯಜಮಾನ ಬೀಗ ಜಡಿದ್ರೆ ಹೊಸ್ತಿಲಲ್ಲಿ ನಿಂತು ಅಳ್ಬೇಕಷ್ಟೇ ಕಣಮ್ಮ." ಕೆಳಗಿನ ಮನೆಯ ತಾಯಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು, ಆನ್‌ಲೈನ್ ಆಟವೊಂದು ಭಾನುವಾರ ಮುಚ್ಚುತ್ತದೆಂಬ ಸುದ್ದಿ ಬರುವ ತನಕ. ಅದರೊಳಗೆ ಅವಳ ಮಗಳು ಎರಡು ವರ್ಷ ಕೂತು ಕಟ್ಟಿದ ಪುಟ್ಟ ಊರಿತ್ತು. ಹುಡುಗಿ ಊಟ ಬಿಟ್ಟಳು. "ನಾನು ಹೇಳಿರ್ಲಿಲ್ವಾ" ಎನ್ನುವುದಕ್ಕೇ ತಾತ ಇಳಿದು ಬಂದರೆಂದು ತಾಯಿ ಬಗೆದಳು. ಆದರೆ ಅವರ ಕೈಯಲ್ಲಿ ಸ್ಕೇಲು, ಪೆನ್ಸಿಲು, ಚಾಪೆಯಗಲದ ಹಾಳೆ. "ಏಳು ಪುಟ್ಟಿ, ನಿನ್ನೂರಲ್ಲಿ ನಡಿ. ಹೆಜ್ಜೆ ಎಣಿಸಿ ಹೇಳ್ತಾ ಹೋಗು, ನಾನು ಗೆರೆ ಹಾಕ್ತೀನಿ." ನಾಲ್ಕು ದಿನ ಅವಳು ಪರದೆಯಲ್ಲಿ ನಡೆದಳು, ಅವರು ಬರೆದರು, ಮೆಟ್ಟಿಲು, ಕಿಟಕಿ, ಬೆಕ್ಕು ನುಸುಳುವ ಕಿಂಡಿಯನ್ನೂ ಬಿಡಲಿಲ್ಲ. ಭಾನುವಾರ ಪರದೆ ಕಪ್ಪಾಯಿತು. ಹುಡುಗಿ ಹಾಳೆಯ ಮೇಲೆ ಬೆರಳಿಟ್ಟು ತನ್ನ ಮನೆಯಿಂದ ಬಾತುಕೋಳಿಗಳ ಕೊಳದವರೆಗೆ ನಡೆದಳು. ತಾಯಿ ಪಕ್ಕದಲ್ಲಿ ಕೂತು ನೋಡಿದಳು. ಒಂದು ತಿರುವಿನಲ್ಲೂ ಬೆರಳು ದಾರಿ ತಪ್ಪಲಿಲ್ಲ.