ಕೊಡದೆ ಉಳಿದ ಒಂದು ಟೀ

ಸತ್ತವರು ಟೀ ಕೇಳಲು ಬರಲಿಲ್ಲ. ಮೊಮ್ಮಗಳು ತೆಗೆಯಲು ಮರೆತ ಒಂದು ಆರ್ಡರು ಅದು, ಅಷ್ಟೇ. ಆದರೂ ಹದಿನೈದು ದಿನ ನಾನು ಹೆದರಿದ್ದು ಸುಳ್ಳಲ್ಲ.

ಕೆ.ಆರ್.ಎಸ್. ಬಸ್ ನಿಲ್ದಾಣದ ಹತ್ತಿರ ನಮ್ಮದು ಟೀ, ಮಜ್ಜಿಗೆ, ಎಳನೀರಿನ ಅಂಗಡಿ. ಸುತ್ತಲ ಕಚೇರಿಗಳವರು ಫೋನಿನಲ್ಲೇ ಆರ್ಡರು ಕಳಿಸಲಿ ಎಂದು ಕೆ.ಆರ್. ಪೇಟೆಯಲ್ಲಿರುವ ಮಗಳ ಮಗಳು ಒಂದು ಪ್ರೋಗ್ರಾಮು ಬರೆದಳು. ಎಪಿಐ ಅನ್ನುತ್ತಾಳೆ. ಅವರು ಹೇಳಿದ್ದನ್ನು ನಮ್ಮ ಕಂಪ್ಯೂಟರಿಗೆ ಮುಟ್ಟಿಸುವ ಮಾಣಿ ಎಂದು ನಾನು ಅರ್ಥ ಮಾಡಿಕೊಂಡೆ. ಮೊದಲ ಪರೀಕ್ಷೆ ಅವಳ ಲ್ಯಾಪ್‌ಟಾಪಿನಲ್ಲಿ. ನಮ್ಮ ಯಜಮಾನರು ಬೆಂಚಿನ ಮೇಲೆ ಕೂತು ಫೋನು ಒತ್ತಿದರು: ‘ತಾತ. ಟೀ ಒಂದು. ಸಕ್ಕರೆ ಜಾಸ್ತಿ.’

“ಸಕ್ಕರೆ ಕಾಯ್ಲೆ ಇಟ್ಕೊಂಡು ಜಾಸ್ತಿ ಬೇರೆ ಬೇಕಾ?” ಎಂದೆ.

“ಮಿಷನ್ನೇ ಒಪ್ಕೊಂತು, ನಿಂದೇನಮ್ಮಿ ತಕರಾರು?”

ಸಪ್ಪೆ ಟೀಯನ್ನೇ ಕೊಟ್ಟೆ. ಅದೇ ತಿಂಗಳು ಹೋದರು. ತಿಥಿಯ ದಿನ ಎಡೆಗೂ ಕೈ ರೂಢಿಯಂತೆ ಸಪ್ಪೆ ಟೀಯನ್ನೇ ಇಟ್ಟಿತು.

ತಿಥಿಯಾದ ಮೇಲೆ ಮೊಮ್ಮಗಳು ಕೆ.ಆರ್. ಪೇಟೆಯಿಂದಲೇ ನಮ್ಮ ಕಂಪ್ಯೂಟರಿಗೆ ಪ್ರೋಗ್ರಾಮು ಕೂರಿಸಿದಳು. ಮರುದಿನ ಸ್ವಿಚ್ಚು ಹಾಕಿದೆ. ಮೊದಲ ಸಾಲೇ: ‘ತಾತ. ಟೀ ಒಂದು. ಸಕ್ಕರೆ ಜಾಸ್ತಿ. ಕೊಟ್ಟಿಲ್ಲ.’

ಅಂಗಡಿಯಲ್ಲಿ ಜೊತೆಗಿರುವ ಸೊಸೆ ಅದನ್ನು ಅಳಿಸಿದಳು. ಕರೆಂಟು ಹೋಗಿ ಬಂದಾಗ ಮತ್ತೆ ಅದೇ ಸಾಲು.

“ಮಾವ ಕೇಳ್ತಾವ್ರೆ ಕಣತ್ತೆ. ಎಡೆಗೂ ಸಪ್ಪೆದೇ ಇಕ್ಬುಟ್ರಿ.”

“ಸುಮ್ಕಿರು. ಸತ್ತೋರ್ತಾವ ಫೋನೆಲ್ಲೈತೆ?”

ಬಾಯಿ ಹಾಗೆ ಅಂದಿತು. ಬೆಂಚಿಗೆ ಬೆನ್ನು ಮಾಡಿ ನಿಲ್ಲಲು ಮಾತ್ರ ಆಗಲಿಲ್ಲ. ಸಕ್ಕರೆ ಡಬ್ಬಿ ತೆಗೆದಾಗಲೆಲ್ಲ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಆಸೆ ಉಳಿಸಿ ಕಳಿಸಿಬಿಟ್ಟೆನೇ ಎಂಬುದೊಂದೇ ಕೊರೆತ. ಡಾಕ್ಟರು ಬೇಡ ಅಂದಿದ್ದರು, ನಿಜ. ಲೋಟ ಕೈಗೆ ಕೊಟ್ಟವಳು ನಾನು.

ಕೊನೆಗೆ ಫೋನು ಮಾಡಿ ಮೊಮ್ಮಗಳನ್ನು ಕರೆಸಿದೆ. ಭಾನುವಾರ ಬಂದಳು. ಆ ಸಾಲು ನೋಡಿ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

“ಅಜ್ಜೀ, ಪ್ರೋಗ್ರಾಮಿಗೆ ಬೇಕಾದ್ದೆಲ್ಲಾ ಸೇರ್ಸಿ ಒಂದು ಡಬ್ಬಿಗೆ ತುಂಬ್ತೀವಿ, ಕಂಟೈನರು ಅಂತಾರೆ. ಅವತ್ತು ಪರೀಕ್ಷೆಗೆ ಒತ್ತಿದ್ ತಾತನ ಆರ್ಡರ ತೆಗ್ಯೋದ ಮರ್ತಿದ್ದೆ, ಅದೂ ಅದ್ರೊಳ್ಗೇ ಸೇರ್ಕೊಂಡೈತೆ. ಸ್ವಿಚ್ಚು ಹಾಕ್ದಾಗೆಲ್ಲಾ ಡಬ್ಬಿ ಹೊಸ್ದಾಗಿ ಬಿಚ್ಕೊತದೆ, ಅದೂ ಬತ್ತದೆ. ಅದ ತೆಗ್ದು ಬೇರೆ ಡಬ್ಬಿ ಕೂರ್ಸ್ಬುಡ್ಲಾ?”

“ನಾಳೆ ಕೂರ್ಸು. ನಿಮ್ಮತ್ತೆ ಸುಮ್ನೆ ಅಳ್ಸುದ್ಳು. ಕೊಡ್ದಿರೋ ಆರ್ಡರ ಅಳ್ಸೋದು ಅಂಗಡಿ ಇಟ್ಟೋರ ಕೆಲ್ಸ ಅಲ್ಲ.”

ಮರುದಿನ ಬೆಳಿಗ್ಗೆ ಮೊದಲು ಕಾಯಿಸಿದ ಹಾಲಿನಲ್ಲೇ ಟೀ ಮಾಡಿ ನಾಲ್ಕು ಚಮಚ ಸಕ್ಕರೆ ಸುರಿದೆ. ಬೆಂಚಿನ ಮೇಲೆ ಅವರು ಕೂರುವ ತುದಿಗೆ ಇಟ್ಟೆ. ಕಂಪ್ಯೂಟರಿನಲ್ಲಿ ‘ಕೊಟ್ಟಾಯಿತು’ ಒತ್ತಿದೆ. ಟೀ ಕೆನೆ ಕಟ್ಟಿತು. ಇರುವೆ ಹತ್ತಿದವು. ಬೇರೆ ಯಾರೂ ಬರಲಿಲ್ಲ. ಚರಂಡಿಗೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿದೆ.

“ಈಗ ಕೂರ್ಸಮ್ಮಿ” ಎಂದೆ ಮೊಮ್ಮಗಳಿಗೆ.