ಎಳೆದರೋ, ತಳ್ಳಿದರೋ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಕ್ಯಾಪ್ಟನ್ ವಿಮಾನದ ಮೆಟ್ಟಿಲಿಳಿದು ಬಂದು, "ನನ್ನ ಹೊತ್ತು ಮುಗೀತಮ್ಮ," ಅಂದರು. ಕೆಟ್ಟದ್ದು ಶುರುವಾದದ್ದು ಆಗ ಎಂದು ನಾನು ಲೆಕ್ಕ ಹಿಡಿದಿದ್ದೇನೆ. ನಿಜ ಹೇಳಬೇಕೆಂದರೆ ಅದಕ್ಕೂ ಒಂದು ವರ್ಷ ಹಿಂದೆಯೇ, ಮುಂಬೈಯ ಯಾವುದೋ ತಂಪು ಕೋಣೆಯಲ್ಲಿ ಪೈಲಟ್‌ಗಳ ಸಂಘದವರೂ ಕಂಪನಿಯ ಆಡಳಿತದವರೂ ಹೊಸ ಕರಾರಿಗಾಗಿ ಎದುರುಬದುರು ಕೂತಾಗಲೇ ಶುರುವಾಗಿತ್ತು.

ನಾನಾಗ ನಾಗಪುರದ ವಿಮಾನ ನಿಲ್ದಾಣದಲ್ಲಿ ಆ ಕಂಪನಿಯ ಕೌಂಟರಿನಲ್ಲಿದ್ದೆ. ಇದೇ ಊರಲ್ಲಿ ಡಿಗ್ರಿ ಮುಗಿಸಿ ಸೇರಿದವಳು. ಬೋರ್ಡಿಂಗ್ ಪಾಸ್ ಕೊಡುವುದು, ಮೈಕಿನಲ್ಲಿ ಹೇಳುವುದು, ಪ್ರಯಾಣಿಕರನ್ನು ವಿಮಾನದವರೆಗೆ ನಡೆಸಿಕೊಂಡು ಹೋಗುವುದು, ತಡವಾದಾಗ ಬೈಸಿಕೊಳ್ಳುವುದು ನನ್ನ ಕೆಲಸ. ಅಪ್ಪ ರೈಲ್ವೆ ಗಾರ್ಡ್ ಆಗಿ ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು, ನಿವೃತ್ತಿಯಾದ ಮೇಲೂ ಬಜಾಜ್ ನಗರದ ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟಿದ್ದರು. ಕನ್ನಡವೆಲ್ಲ ಮನೆಯೊಳಗೆ; ಹೊಸ್ತಿಲು ದಾಟಿದರೆ ಮರಾಠಿ, ಹಿಂದಿ. ಹಾಗಾಗಿ ಮೈಸೂರು ಕಡೆಯ ಆ ಕ್ಯಾಪ್ಟನ್ ಬರುವ ದಿನ ನನಗೆ ಸ್ವಲ್ಪ ಖುಷಿಯಿರುತ್ತಿತ್ತು.

"ಏನ್ರೀ ಹುಬ್ಬಳ್ಳಿಯೋರೇ, ನಿಮ್ಮ ಈ ನಾಗಪುರದಲ್ಲಿ ಮನುಷ್ಯರು ಬದುಕ್ತಾರಾ, ಇಲ್ಲಾ ಹುರಿಗಡಲೆ ಆಗ್ತಾರಾ?" ಎಂದು ಬೇಸಿಗೆಯಲ್ಲಿ ಪ್ರತಿ ಸಲವೂ ಕೇಳುತ್ತಿದ್ದರು.

"ಹುರಿದವರಷ್ಟೇ ಇಲ್ಲಿ ಉಳೀತಾರ್ರೀ ಸರ್," ಎನ್ನುತ್ತಿದ್ದೆ ನಾನೂ ಪ್ರತಿ ಸಲ.

ಹೊರಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಪೈಲಟ್ ಒಬ್ಬರು ಒಂದು ದಿನಕ್ಕೆ ಇಷ್ಟೇ ತಾಸು ಡ್ಯೂಟಿ ಮಾಡಬೇಕೆಂಬ ಮಿತಿ ಇದೆ. ಆ ಗಡಿಯಾರ ಅವರು ಹಾಜರಾದ ಕ್ಷಣದಿಂದ ಓಡುತ್ತದೆ, ವಿಮಾನ ನಿಂತಿದ್ದರೂ ನಿಲ್ಲುವುದಿಲ್ಲ. ತಡವಾಗಿ ಮಿತಿ ಮೀರುವಂತಾದರೆ, ತನಗೂ ಜೊತೆಯವರಿಗೂ ಇನ್ನೂ ಶಕ್ತಿಯಿದೆ ಅನ್ನಿಸಿದರೆ ಕ್ಯಾಪ್ಟನ್ ಸ್ವಲ್ಪ ಹೊತ್ತು ಮುಂದುವರಿಸಬಹುದು. ಅದು ಪೂರ್ತಿ ಅವರ ವಿವೇಚನೆ. ನಮ್ಮಲ್ಲಿ ವರ್ಷಗಟ್ಟಲೆ ಆ ಹೆಚ್ಚಿನ ಹೊತ್ತನ್ನು ಕೊಡುವುದೇ ರೂಢಿಯಾಗಿತ್ತು. ಒಂದು ಕಪ್ ಚಹಾ ಕುಡಿದು, ಮುಖ ತೊಳೆದುಕೊಂಡು, "ನಡೀರಿ, ಹೋಗೋಣ," ಅನ್ನುತ್ತಿದ್ದರು. ಕಂಪನಿಯ ವೇಳಾಪಟ್ಟಿಯೇ ಆ ಔದಾರ್ಯವನ್ನು ನಂಬಿ ನಿಂತಿತ್ತು. ಮಾತುಕತೆ ಎಳೆದು ಎಳೆದು ಹಳಸಿದ ಮೇಲೆ ಸಂಘದವರು ತಮ್ಮವರಿಗೆ ಒಂದೇ ಮಾತು ಹೇಳಿದರು: ಹೊತ್ತು ಮುಗಿದರೆ ಇಳಿದುಬಿಡಿ. ಅದು ಮುಷ್ಕರವಲ್ಲ, ನಿಯಮ ಮೀರಿದ್ದೂ ಅಲ್ಲ. ಆದರೂ ಮುಷ್ಕರದಷ್ಟೇ ನೋಯಿಸುತ್ತಿತ್ತು.

ಆ ವರ್ಷ ನಮ್ಮ ಸಣ್ಣ ನಿಲ್ದಾಣದಲ್ಲೂ ಎಲ್ಲ ಬಿಗಿಯಾಯಿತು. ಮೊದಲು ಸಂತ್ರದ, ಅಂದರೆ ಇಲ್ಲಿನ ಕಿತ್ತಳೆಯ, ಕಾಲದಲ್ಲಿ ಪೈಲಟ್‌ಗಳು ನಮಗೆ ಹೇಳಿ ಬುಟ್ಟಿಗಟ್ಟಲೆ ಹಣ್ಣು ತರಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ಅಂಥ ಖಾಸಗಿ ಕೆಲಸ ಮಾಡಿಕೊಡಬಾರದೆಂದು ಆಡಳಿತದಿಂದ ಆದೇಶ ಬಂತು. ಪೈಲಟ್‌ಗಳು ಮ್ಯಾನೇಜರ ಕೋಣೆಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಇಂದು ಮಾತುಕತೆ ಮುರಿಯಿತು, ನಾಳೆ ಮತ್ತೆ ಕೂತರು, ಮುಂದಿನ ವಾರ ಮತ್ತೆ ಮುರಿಯಿತು. ಯಾರು ಸರಿ ಎಂದು ಕೇಳುವ ಚೈತನ್ಯವೂ ನಮಗೆ ಉಳಿದಿರಲಿಲ್ಲ. ಇವತ್ತಿನ ವಿಮಾನ ಹೋದರೆ ಸಾಕಪ್ಪ ಅನ್ನಿಸುತ್ತಿತ್ತು.

ಅದು ಮೇ ತಿಂಗಳು. ಮುಂಬೈಯಿಂದ ಬಂದು ಕಲ್ಕತ್ತೆಗೆ ಹೋಗಬೇಕಿದ್ದ ವಿಮಾನದ ಹವಾನಿಯಂತ್ರಣ ಕೆಟ್ಟು, ಎಂಜಿನಿಯರುಗಳು ಬೆಳಗಿನಿಂದ ಅದರ ಹೊಟ್ಟೆಯೊಳಗೆ ಕೈಯಿಟ್ಟು ಕೂತಿದ್ದರು. ಲೌಂಜಿನಲ್ಲಿ ಕೂಲರುಗಳು ಬಿಸಿಗಾಳಿಯನ್ನೇ ಒದ್ದೆ ಮಾಡಿ ಊದುತ್ತಿದ್ದವು. ರಿಪೇರಿ ಮುಗಿಯುತ್ತ ಬಂದಾಗ ಕ್ಯಾಪ್ಟನ್ ಇಳಿದುಬಂದರು. ಇನ್ನು ಕಲ್ಕತ್ತೆಗೆ ಹೊರಟರೆ ಮಿತಿ ದಾಟುತ್ತದೆ.

ನಮ್ಮ ಸ್ಟೇಷನ್ ಮ್ಯಾನೇಜರ್ ಅಮರಾವತಿ ಕಡೆಯವರು. ಕೆಟ್ಟ ಮನುಷ್ಯರಲ್ಲ. ಮುಂಬೈಯಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುವವರು. ಅಂದು ನಾಲ್ಕೈದು ಸಲ ಎದ್ದು ನಿಂತಿದ್ದರು. ನನ್ನನ್ನು ಕರೆದು, "ತೂ ಬೋಲ್ ನಾ, ಬೇಟಾ. ತುಮ್ಹಾರಿ ಭಾಷಾ ಮೇ ಬೋಲ್, ಶಾಯದ್ ಮಾನ್ ಜಾಯೇ," ಎಂದರು, ಕನ್ನಡದಲ್ಲಿ ಕೇಳಿದರೆ ಒಪ್ಪಿಯಾರೆಂಬ ಆಸೆಯಿಂದ.

ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಕೈಯೆತ್ತಿದರು. "ನೀವು ಕೇಳ್ಬೇಡಿ ಅಮ್ಮ. ನೀವು ಕೇಳಿದ್ರೆ ಇಲ್ಲ ಅನ್ನೋಕೆ ಕಷ್ಟ. ಬೆಳಗಿನ ಜಾವ ಮೂರಕ್ಕೆ ಎದ್ದಿದೀನಿ, ಕಣ್ಣಲ್ಲಿ ಮರಳು ಹಾಕಿದ ಹಾಗಿದೆ."

"ಸಂಘದವರು ಬ್ಯಾಡ ಅಂದಿದ್ದಕ್ಕೋ ಸರ್, ನಿದ್ದಿಗೋ?"

ಅವರು ನಕ್ಕರು. "ಎರಡಕ್ಕೂ. ಯಾವುದು ಎಷ್ಟು ಅಂತ ನನಗೂ ಗೊತ್ತಿಲ್ಲ."

ನಾನು ಮೈಕಿನ ಹತ್ತಿರ ಹೋದೆ. ಇಂಥ ಹೊತ್ತಿನಲ್ಲಿ ಹೇಳುವ ಮಾತು ಮೊದಲೇ ಗೊತ್ತುಮಾಡಿದ್ದು: ಕಾರ್ಯಾಚರಣೆಯ ಕಾರಣದಿಂದ ತಡವಾಗುತ್ತಿದೆ, ಅಡಚಣೆಗೆ ವಿಷಾದಿಸುತ್ತೇವೆ. ಯಾರ ಮೇಲೂ ಬೆರಳು ತೋರಿಸದ ಮಾತು. ಮ್ಯಾನೇಜರ್ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ವಿಮಾನ ಸಿದ್ಧವಿದೆ, ಕಂಪನಿ ಸಿದ್ಧವಿದೆ, ಕ್ಯಾಪ್ಟನ್ ಮಾತ್ರ ಹಾರಿಸಲು ನಿರಾಕರಿಸುತ್ತಿದ್ದಾರೆ ಎಂದು ಹಿಂದಿಯಲ್ಲಿ ನಿಧಾನವಾಗಿ, ಎರಡು ಸಲ ಹೇಳಿದರು. ಹಾಗೆ ಹೇಳೆಂದು ಮುಂಬೈಯಿಂದ ಹೇಳಿಕೊಟ್ಟಿದ್ದರಂತೆ. ಹೇಳಿ ಮುಗಿಸಿದಾಗ ಅವರ ಕುತ್ತಿಗೆಯ ಬೆವರು ಕಾಲರಿಗಿಳಿದಿತ್ತು.

ಬೆಳಗಿನಿಂದ ಕುದಿಯುತ್ತಿದ್ದ ಜನಕ್ಕೆ ಈಗ ಸಿಟ್ಟು ಮಾಡಲು ಒಬ್ಬ ಮನುಷ್ಯ ಸಿಕ್ಕಿದ. ಗಾಜಿನ ಬಾಗಿಲಲ್ಲಿ ಒಬ್ಬನೇ ಕಾನ್‌ಸ್ಟೇಬಲ್ ಇದ್ದ. ಅವನನ್ನು ಸರಿಸಿ ಇಪ್ಪತ್ತು ಮೂವತ್ತು ಜನ ವಿಮಾನಗಳು ನಿಲ್ಲುವ ಅಂಗಳಕ್ಕೇ ನುಗ್ಗಿದರು. ಕ್ಯಾಪ್ಟನ್ ತಮ್ಮ ಬ್ಯಾಗ್ ಹಿಡಿದು ಹೊರಗಿನ ವ್ಯಾನಿನ ಕಡೆ ನಡೆಯುತ್ತಿದ್ದರು. ಜನ ಅವರನ್ನು ಸುತ್ತುವರಿದರು. ನಾನು, "ಇಧರ್ ಮತ್ ಆಯಿಯೇ, ವಾಪಸ್ ಚಲಿಯೇ," ಎಂದು ಕೂಗುತ್ತ ಹಿಂದೆ ಓಡಿದೆ. ಯಾರೂ ಕೇಳಲಿಲ್ಲ.

ಮುಂದಿದ್ದವರು ನಮ್ಮೂರ ಪೇಟೆ ಗಾಂಧಿಬಾಗ್‌ನ ಒಬ್ಬ ಸೀರೆ ವ್ಯಾಪಾರಿ. ಅಂದು ಸಂಜೆ ಕಲ್ಕತ್ತೆಯಲ್ಲಿ ಅವರ ತಂಗಿಯ ಮಗಳ ಮದುವೆ. ಬಿಸಿಲಿಗೆ ಇಲ್ಲಿನ ಎಲ್ಲರ ಹಾಗೆ ತಲೆಗೂ ಕಿವಿಗೂ ಬಿಳಿ ದುಪಟ್ಟಾ ಸುತ್ತಿದ್ದರು. "ಕ್ಯಾ ರೇ, ಹವಾಯಿ ರಿಕ್ಷಾವಾಲೇ!" ಎಂದರು ಕ್ಯಾಪ್ಟನ್ನಿಗೆ. "ಸವಾರಿ ಬೀಚ್ ರಾಸ್ತೇ ಮೇ ಉತಾರೇಗಾ? ಮೀಟರ್ ಡಬಲ್ ಚಾಹಿಯೇ?" ನಡುದಾರಿಯಲ್ಲಿ ಇಳಿಸಿ ದುಪ್ಪಟ್ಟು ಬಾಡಿಗೆ ಕೇಳುತ್ತೀಯಾ ಎಂಬ ಆ ಕುಹಕಕ್ಕೆ ಹಿಂದಿನವರು ನಕ್ಕರು. ಯಾರೋ ತಾಯಿಯ ಹೆಸರೆತ್ತಿ ಬೈದರು. ಕ್ಯಾಪ್ಟನ್ನಿನ ದವಡೆ ಬಿಗಿದದ್ದನ್ನು ನಾನು ನೋಡಿದೆ. ಇದನ್ನು ನೆನಪಿನಲ್ಲಿಡಬೇಕು, ಯಾಕೆಂದರೆ ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಇದನ್ನೇ.

ರಿಪೇರಿಯಾದ ನಮ್ಮ ವಿಮಾನದ ಬಾಲದಲ್ಲಿರುವ ಸಣ್ಣ ಎಂಜಿನ್ನನ್ನು ಪರೀಕ್ಷೆಗೆಂದು ಓಡಿಸುತ್ತಿದ್ದರು. ಅದರ ಚೀರಾಟ ಅಂಗಳವನ್ನೆಲ್ಲ ತುಂಬಿತ್ತು. ಹಾಗಾಗಿ ಬೇರೊಂದು ಕಂಪನಿಯ ವಿಮಾನ ಆಗಷ್ಟೇ ಇಳಿದು, ಪಕ್ಕದ ಜಾಗಕ್ಕೆ ತಿರುಗುತ್ತಿದ್ದ ಸದ್ದು ಪ್ರತ್ಯೇಕವಾಗಿ ಯಾರಿಗೂ ಕೇಳಲಿಲ್ಲ. ವ್ಯಾಪಾರಿ ಅದಕ್ಕೆ ಬೆನ್ನು ಮಾಡಿದ್ದರು. ಕೈ ಬೀಸಿ ಮಾತಾಡುತ್ತ, ಹಿಂದೆ ಹಿಂದೆ ಸರಿಯುತ್ತಿದ್ದರು. ವಿಮಾನಕ್ಕೆ ದಾರಿ ತೋರಿಸುವ ಸಿಬ್ಬಂದಿ ಎರಡೂ ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಲ್ಲಿಸು ನಿಲ್ಲಿಸು ಎಂದು ಸನ್ನೆ ಮಾಡುತ್ತಿದ್ದುದು ನನಗೆ ಕಂಡಿತು. ನನ್ನ ಸೆರಗು ಹೆಗಲಿನಿಂದೆದ್ದು ತಿರುಗುತ್ತಿದ್ದ ವಿಮಾನದ ಕಡೆಗೆ ನೆಟ್ಟಗೆ ನಿಂತಿತು. ಗಾಳಿ ಬೀಸುತ್ತಿರಲಿಲ್ಲ, ಗಾಳಿಯನ್ನು ಯಾರೋ ಒಳಗೆಳೆದುಕೊಳ್ಳುತ್ತಿದ್ದರು.

ವ್ಯಾಪಾರಿಯ ತಲೆಯ ದುಪಟ್ಟಾ ಬಿಚ್ಚಿಕೊಂಡು ಹಾರಿತು. ರೆಕ್ಕೆಯ ಕೆಳಗಿನ ಎಂಜಿನ್ನಿನ ಬಾಯಿಯೊಳಗೆ ಹೋಯಿತು. ಅದು ಹರಿದದ್ದು ಕಾಣಲಿಲ್ಲ. ಇತ್ತು, ಆಮೇಲೆ ಇರಲಿಲ್ಲ. ಧಡ್ ಎಂದು ಒಂದು ಸದ್ದು. ಅಷ್ಟರಲ್ಲಿ ಕ್ಯಾಪ್ಟನ್ ಬ್ಯಾಗ್ ಬಿಟ್ಟು ಮುಂದೆ ನುಗ್ಗಿ, ವ್ಯಾಪಾರಿಯ ಅಂಗಿಯ ಎದೆಗೆ ಕೈ ಹಾಕಿ ಎಳೆದು ಕಾಂಕ್ರೀಟಿನ ಮೇಲೆ ಕೆಡವಿದರು. ತಾವೂ ಅವರ ಮೇಲೆ ಬಿದ್ದರು. ಎಂಜಿನ್ ಗೊರಗೊರ ಎಂದು ಇಳಿಯುತ್ತ ನಿಂತಿತು. ನಾನು ಯಾರೋ ಒಬ್ಬ ಹೆಂಗಸಿನ ತೋಳನ್ನು ಹಿಡಿದುಕೊಂಡು ಕುಕ್ಕರಿಸಿದ್ದೆ. ಆಕೆಯ ತೋಳಿನಲ್ಲಿ ನನ್ನ ಉಗುರಿನ ಗುರುತು ಮೂಡಿತ್ತು.

ವ್ಯಾಪಾರಿಯ ಮುಂಗೈ ಮುರಿದಿತ್ತು. ಅವರು ಹಿಂದೆ ನೋಡಿರಲೇ ಇಲ್ಲ. ಅವರಿಗೆ ಗೊತ್ತಿದ್ದುದಿಷ್ಟು: ತಾನು ಬೈದೆ, ಈತ ಕಾಲರ್ ಹಿಡಿದು ಕೆಡವಿದ. ಸುಳ್ಳೇನೂ ಹೇಳಲಿಲ್ಲ, ಹಾಗೆಯೇ ದೂರು ಕೊಟ್ಟರು. ಮರುದಿನ ಕಂಪನಿ ಪ್ರಯಾಣಿಕನ ಮೇಲೆ ಕೈ ಮಾಡಿದ್ದಕ್ಕಾಗಿ ಕ್ಯಾಪ್ಟನ್ನನ್ನು ಅಮಾನತು ಮಾಡಿತು. ಸಂಘದವರು, ಆ ಅಮಾನತು ಹಿಂದೆಗೆಯದೆ ಮಾತುಕತೆಯೇ ಇಲ್ಲ ಎಂದು ಎದ್ದು ಹೋದರು. ಒಂದು ವರ್ಷದ ಜಗ್ಗಾಟಕ್ಕೆ ಇನ್ನೊಂದು ಗಂಟು ಬಿತ್ತು. ವಿಚಾರಣೆ ನೇಮಿಸಿದರು. ಜನರ ಕಣ್ಣೆಲ್ಲ ಜಗಳದ ಮೇಲಿತ್ತು; ಅಷ್ಟು ಹತ್ತಿರದಿಂದ, ಜಗಳವನ್ನೂ ವಿಮಾನವನ್ನೂ ನೋಡುವ ಹಾಗೆ ನಿಂತಿದ್ದವಳು ನಾನೊಬ್ಬಳೇ. ಕ್ಯಾಪ್ಟನ್ ಮತ್ತೆ ಹಾರುತ್ತಾರೋ ಇಲ್ಲವೋ ಎಂಬುದು ನನ್ನ ಮಾತಿಗೆ ಬಂದು ನಿಂತಿತು.

ಮನೆಯಲ್ಲಿ ಅಪ್ಪ ಮೊದಲಿಗೆ ಪೈಲಟ್‌ಗಳ ಮೇಲೆಯೇ ಹರಿಹಾಯ್ದರು. "ಅಷ್ಟ್ ಪಗಾರ ತಗೊಂಡು ನಡಬರಕ ಇಳದ ಹೋಗೂದಂದ್ರ? ನಾವು ಮಾಲಗಾಡ್ಯಾಗ ಹದಿನಾಲ್ಕ ತಾಸು ಕುಂತೀವಿ."

"ಕುಂತು ಬಂದು ಮನ್ಯಾಗ ನನ್ನ ಮ್ಯಾಲ ಒದರತಿದ್ರಿ," ಅಂದಳು ಅವ್ವ, ಜೋಳದ ಹಿಟ್ಟು ನಾದುತ್ತ. "ಒಂದಿನ ನಿದ್ದಿಗಣ್ಣಾಗ ಉಪ್ಪಂತ ಹೇಳಿ ಸಕ್ರಿ ಹಾಕ್ಕೊಂಡು ಅನ್ನ ಉಂಡಿರಿ. ಪುಣ್ಯಾ, ಅವತ್ತ ಗಾಡಿ ಮ್ಯಾಲ ಇರಲಿಲ್ಲ."

ಅಪ್ಪ ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ನಡುರಾತ್ರಿ ಎದ್ದು ಕೂತರೆ ಮಾತ್ರ ಆಚೆ ಕೋಣೆಯಿಂದ, "ಎಚ್ಚರ ಐತೇನವಾ?" ಎನ್ನುತ್ತಿದ್ದರು.

ನಿದ್ದೆ ಬರುತ್ತಿತ್ತು, ಉಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದೊಡನೆ ಬಿಳಿ ಬಟ್ಟೆ ಎಂಜಿನ್ನಿನ ಬಾಯಿಗೆ ಹೋಗುತ್ತಿತ್ತು. ಅದಕ್ಕಿಂತ ಕಷ್ಟದ್ದು ಇನ್ನೊಂದು. ವಿಚಾರಣೆಯಲ್ಲಿ ತಪ್ಪಬಾರದೆಂದು ನಾನೇ ಬೇಕೆಂದು ಅದನ್ನು ಮತ್ತೆ ಮತ್ತೆ ನಡೆಸುತ್ತಿದ್ದೆ. ಮೊದಲು ದುಪಟ್ಟಾ ಹಾರಿತೋ, ಮೊದಲು ಕ್ಯಾಪ್ಟನ್ ಕೈ ಹಾಕಿದರೋ? ತಮ್ಮ ಕಡೆಗೆ ಎಳೆದರೋ, ಆಚೆಗೆ ತಳ್ಳಿದರೋ? ಎಳೆಯುವಾಗ ಬೇಕಿದ್ದುದಕ್ಕಿಂತ ಹೆಚ್ಚು ಬಲ ಹಾಕಿದರೋ? ಆ ಬಿಗಿದ ದವಡೆ! ಪ್ರತಿ ರಾತ್ರಿ ವ್ಯಾಪಾರಿ ಅದೇ ಹೆಜ್ಜೆ ಹಿಂದಕ್ಕಿಡುತ್ತಿದ್ದರು.

ಮ್ಯಾನೇಜರ್ ಒಂದು ದಿನ ಚಹಾ ತರಿಸಿಕೊಟ್ಟು, "ತೂ ತರ್ ಲಾಂಬ್ ಹೋತೀಸ್ ನಾ?" ಎಂದರು. ನೀನು ದೂರದಲ್ಲಿದ್ದೆಯಲ್ಲವೇ ಎಂದು ಕೇಳಿದ್ದಲ್ಲ ಅದು, ಹೇಳಿಕೊಟ್ಟದ್ದು. ಹತ್ತಿರವೇ ಇದ್ದೆ ಸರ್ ಎಂದೆ. ಅವರು ಚಹಾದ ಕೆನೆಯನ್ನು ಬೆರಳಿನಿಂದ ತೆಗೆದರು. ಸಂಘದ ಕಡೆಯಿಂದಲೂ ಒಬ್ಬರು ಮುಂಬೈಯಿಂದ ಬಂದರು. ಮೈಕಿನ ವಿಷಯವನ್ನು ನೀವು ಒತ್ತಿ ಹೇಳಬೇಕು, ಕ್ಯಾಪ್ಟನ್ನಿನ ಸಿಟ್ಟಿನ ವಿಷಯ ಬೇಡ ಎಂದರು. "ಸುಳ್ಳು ಹೇಳಿ ಅಂತಿಲ್ಲ ಮೇಡಂ. ಕೇಳದೇ ಇದ್ದದ್ದನ್ನ ಹೇಳ್ಬೇಡಿ, ಅಷ್ಟೇ."

ಕೇಳಿದರು. ವಿಚಾರಣಾಧಿಕಾರಿ ಕೇಳಿದ ಮೂರನೆಯ ಪ್ರಶ್ನೆಯೇ ಅದು. ನಾನು ಹೇಳಿದೆ: ಎಳೆದರು, ತಮ್ಮ ಕಡೆಗೇ ಎಳೆದರು. ಎಳೆಯದಿದ್ದರೆ ಆ ಮನುಷ್ಯ ಇರುತ್ತಿರಲಿಲ್ಲ. ಮುಖದಲ್ಲಿ ಸಿಟ್ಟೂ ಇತ್ತು. ಮೊದಲ ಎರಡು ಮಾತಿಗೆ ಮ್ಯಾನೇಜರ್ ಮುಖ ಗಂಟಿಕ್ಕಿದರು, ಮೂರನೆಯದಕ್ಕೆ ಸಂಘದವರು. ಹೊರಗೆ ಬೆಂಚಿನ ಮೇಲೆ ಕ್ಯಾಪ್ಟನ್ ಕೂತಿದ್ದರು, ಯೂನಿಫಾರ್ಮ್ ಇಲ್ಲದೆ, ಚೌಕಳಿ ಅಂಗಿಯಲ್ಲಿ. ನಾನು ಹೇಳಿದ್ದನ್ನು ಅವರಿಗೆ ಹೇಳಿಬಿಟ್ಟೆ.

"ಸಿಟ್ಟು ಇತ್ತಮ್ಮ," ಎಂದರು. "ಕೈ ಹಾಕಿದಾಗ ಉಳಿಸೋಕೆ ಅಂತಾನೇ ಹಾಕ್ದೆ. ಕೆಡವೋವಾಗ ಏನಿತ್ತೋ, ಗೊತ್ತಿಲ್ಲ."

ಹೇಳಿಕೆ ಕೊಟ್ಟ ದಿನವಾದರೂ ನಿದ್ದೆ ಹತ್ತಬಹುದೆಂದುಕೊಂಡಿದ್ದೆ. ಹತ್ತಲಿಲ್ಲ. ಇನ್ನೊಮ್ಮೆ ಕರೆಸುತ್ತೇವೆ, ಅಡ್ಡ ಪ್ರಶ್ನೆಗಳಿವೆ ಎಂದಿದ್ದರು. ತಾರೀಕು ಮುಂದೆ ಹೋಯಿತು, ಮತ್ತೆ ಹೋಯಿತು. ಮಳೆ ಬಂದು ಹೋಯಿತು. ಸಹೋದ್ಯೋಗಿಗಳು ನನ್ನೊಂದಿಗೆ ಹವಾಮಾನದ ಮಾತಷ್ಟೇ ಆಡುತ್ತಿದ್ದರು. ಎರಡು ಸಲ ಅಂಗಳದ ಡ್ಯೂಟಿ ಹಾಕಿದಾಗ ಗಾಜಿನ ಬಾಗಿಲಿನವರೆಗೆ ಹೋಗಿ, ತಲೆನೋವೆಂದು ಹಿಂದಿರುಗಿದೆ. ಕ್ಯಾಪ್ಟನ್ನಿನ ಅಮಾನತು ಹಾಗೆಯೇ ಇತ್ತು. ಎಲ್ಲಿಯವರೆಗೆ ಅವರು ಹಾರುವುದಿಲ್ಲವೋ ಅಲ್ಲಿಯವರೆಗೆ ನಾನು ಅಂದು ಕಂಡದ್ದನ್ನು ಮರೆಯುವ ಹಾಗಿರಲಿಲ್ಲ.

ಚಳಿಗಾಲದಲ್ಲಿ ಕರಾರಿಗೆ ಸಹಿಯಾಯಿತು. ಯಾರು ಗೆದ್ದರೆಂದು ಇಂದಿಗೂ ತಿಳಿಯದು; ಇಬ್ಬರೂ ದಣಿದು ಸಹಿ ಹಾಕಿದ ಹಾಗೆ ಕಾಣುತ್ತಿತ್ತು. ಮುಂಬೈಯ ಕಚೇರಿಯಿಂದ ನನಗೆ ಫೋನ್ ಬಂತು. ಮಾತಾಡಿದ ಹೆಂಗಸಿಗೆ ನೆಗಡಿಯಾಗಿತ್ತು. ಎರಡೂ ಕಡೆಯವರು ಪರಸ್ಪರರ ಮೇಲಿನ ಪ್ರಕರಣಗಳನ್ನು ಹಿಂದೆಗೆದುಕೊಂಡಿದ್ದಾರೆ, ಅದು ಕರಾರಿನಲ್ಲಿಯೇ ಇದೆ; ವ್ಯಾಪಾರಿಯೂ ದೂರು ಬಿಟ್ಟಿದ್ದಾರೆ; ಕ್ಯಾಪ್ಟನ್ ಸೋಮವಾರದಿಂದ ಕೆಲಸಕ್ಕೆ ಬರುತ್ತಾರೆ, ಇನ್ನು ಹಾರುವುದು ಚೆನ್ನೈಯಿಂದ. ವಿಚಾರಣೆ ಮುಚ್ಚಿದೆ.

"ನನ್ನ ಹೇಳಿಕೆ?" ಎಂದೆ.

"ಅದರ ಅಗತ್ಯ ಬೀಳಲಿಲ್ಲ," ಎಂದು ಸೀನಿದರು.

ರಿಸೀವರ್ ಇಟ್ಟೆ. ಯಾರೂ ಅದನ್ನು ಓದಿರಲಿಕ್ಕಿಲ್ಲ. ಅಷ್ಟು ತಿಂಗಳು ಒಂದು ಹೆಜ್ಜೆಯೂ ಆಚೀಚೆಯಾಗದ ಹಾಗೆ ಕಾಪಾಡಿಕೊಂಡದ್ದನ್ನು ಯಾರೂ ಕೇಳುವುದಿಲ್ಲ. ಬೇಸರವಾಗಬೇಕಿತ್ತು. ಅದರ ಬದಲು ಜ್ವರ ಬಿಟ್ಟ ಹಾಗಾಯಿತು. ಕ್ಯಾಪ್ಟನ್ ಹಾರುತ್ತಾರೆ. ನಾನು ಇನ್ನು ಯಾರಿಗೂ ಹೇಳಬೇಕಿಲ್ಲ.

ಮನೆಯಲ್ಲಿ ವಿಷಯ ತಿಳಿಸಿದೆ. "ಮುಗೀತಲಾ, ಚಲೋ ಆತು," ಅಂದಳು ಅವ್ವ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. ಇಂದಿಗೂ ಕೆಲವು ರಾತ್ರಿ ಆ ಬಿಳಿ ಬಟ್ಟೆ ಹೋಗುತ್ತದೆ, ಗುಣವಾಯಿತೆಂದು ಹೇಳಲಾರೆ. ಆದರೆ ಅಂದು ಊಟ ಮಾಡಿ ಮಲಗಿದವಳು ಎದ್ದದ್ದು ಅಪ್ಪ ಬಾಗಿಲು ಬಡಿದಾಗ. ಬಿಸಿಲು ಕಿಟಕಿಯಿಂದ ಹಾಸಿಗೆಯ ಮಧ್ಯದವರೆಗೆ ಬಂದಿತ್ತು.

"ಡ್ಯೂಟಿಗಿ ಹೋಗೂದಿಲ್ಲೇನವಾ?" ಎಂದರು ಅಪ್ಪ. ನನಗೆ ಆಗಲೇ ತಡವಾಗಿತ್ತು.