ಅರವತ್ತೇ ಕಾಲರ್

ಸಫೂರಾ ಭದ್ರಾವತಿ ಹಳೇನಗರದವಳು. ಶಿವಮೊಗ್ಗದ ನಮ್ಮ ಗಾರ್ಮೆಂಟ್ಸ್‌ಗೆ ದಿನಾ ಬಸ್ಸಲ್ಲಿ ಬರುತ್ತಿದ್ದಳು. ಗಂಡ ಜಾಹಿದ್ ಲಾರಿ ಮೆಕ್ಯಾನಿಕ್, ಸೊಂಟದ ಮೂಳೆ ಮುರಿದು ಮಲಗಿ ಎಂಟು ತಿಂಗಳಾಗಿತ್ತು. ಮೂರು ತಿಂಗಳ ಟ್ರಯಲ್ ಮುಗಿಸಿ ಖಾಯಂ ಆದರೆ ಇಎಸ್‌ಐ ಕಾರ್ಡು ಸಿಗುತ್ತೆ, ಅವನ ಆಪರೇಷನ್ ಆಗುತ್ತೆ ಅಂತ ಅವಳ ಆಸೆ.

ನಮ್ಮ ಲೈನಿನ ಹನ್ನೆರಡೂ ಮೆಷಿನ್ನಿನಲ್ಲಿ ಶರ್ಟಿನ ಕಾಲರ್ ಹೊಲಿಯುವುದೇ ಕೆಲಸ. ದಾರ ಕತ್ತರಿಸಿ, ಎಣಿಸಿ ಕಟ್ಟು ಕಟ್ಟುವವಳು ನಾನು, ಲೈನಿಗೆಲ್ಲ ಅಜ್ಜಿ. ಸಫೂರಾ ಗಂಟೆಗೆ ಎಂಬತ್ತೆರಡು ಹೊಲಿಯುತ್ತಿದ್ದಳು, ಉಳಿದವರು ಅರವತ್ತು. ಅವರಿಗೆ ಕೈಲಾಗದೆ ಅಲ್ಲ. ಒಬ್ಬಳು ಜಾಸ್ತಿ ಹೊಲಿದರೆ ಎಲ್ಲರ ಟಾರ್ಗೆಟ್ಟೂ ಏರಿಸುತ್ತಾರೆ.

"ಏನ್ ಮಾರಾಯ್ತಿ, ಕಂಪನಿ ನಿಮ್ಮಪ್ಪಂದಾ?" ಅಂದಳು ಲೈನಿಗೆ ಹಿರಿಯಳಾದ ಜಯಶೀಲಾ. ಆವತ್ತಿಂದ ಊಟಕ್ಕೆ ಸಫೂರಾ ಪಕ್ಕ ಯಾರೂ ಕೂರಲಿಲ್ಲ. ಹದಿನೇಳು ದಿನ. ಹದಿನೆಂಟನೇ ದಿನ ಅವಳೂ ಅರವತ್ತಕ್ಕೆ ನಿಲ್ಲಿಸಿದಳು. ಜಯಶೀಲಾ ತನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ ಬಡಿಸಿದಳು.

ಟ್ರಯಲ್ ಮುಗಿಯುವ ವಾರ, ಆಫೀಸಿನವನೊಬ್ಬ ಗಡಿಯಾರ ಹಿಡಿದು ಬಂದು ಎಲ್ಲರ ಕೈ ನೋಡುತ್ತಾನೆ, ನಿಧಾನದವರನ್ನು ತೆಗೆಯುತ್ತಾರೆ ಅಂತ ಸುದ್ದಿ ಬಂತು.

"ಯಾರೂ ಅರವತ್ತು ದಾಟಬೇಡಿ. ಎಲ್ಲರದೂ ಒಂದೇ ಆದ್ರೆ ಯಾರನ್ನ ಅಂತ ತೆಗೀತಾರೆ?" ಅಂದಳು ಜಯಶೀಲಾ. ಎಲ್ಲರೂ ಹೂಂ ಅಂದರು.

ಅವನು ಬಂದು ಒಂದು ಗಂಟೆ ನಿಂತ. ಹತ್ತು ನಿಮಿಷಕ್ಕೆ ಜಯಶೀಲಾ ಮೆಷಿನ್ ಸದ್ದು ಜೋರಾಯಿತು. ಪಕ್ಕದ ತನುಜಾ ಕೇಳಿಸಿಕೊಂಡು ತಾನೂ ಓಡಿಸಿದಳು. ಆಮೇಲೆ ಇಡೀ ಲೈನು. ಹೆದರಿ ನಾನೂ ಕತ್ತರಿ ಓಡಿಸಿದೆ. ಸಫೂರಾ ಮಾತ್ರ ತಲೆ ಎತ್ತದೆ ಅರವತ್ತು ಹೊಲಿದಳು. ಉಳಿದವರದು ಎಪ್ಪತ್ತರ ಮೇಲೆ.

ಸಂಜೆ ಸೂಪರ್‌ವೈಸರ್ ಯೋಗರಾಜ್ ಸಫೂರಾ ಹತ್ತಿರ ಬಂದು, "ನಾಳೆಯಿಂದ ಬರೋದು ಬೇಡಮ್ಮ" ಅಂದ.

"ಸಾರ್, ನಂಗೆ ಎಂಬತ್ತು ಬರುತ್ತೆ ಸಾರ್. ಅಜ್ಜಿ ಎಣಿಸಿದಾರೆ, ಕೇಳಿ."

ಯೋಗರಾಜ್ ನನ್ನ ಕಡೆ ತಿರುಗಿದ. ಹೌದು ಅಂದರೆ, ಇವತ್ಯಾಕೆ ಅರವತ್ತು ಅಂತಾನೆ. ಎಲ್ಲರೂ ಆಡಿಕೊಂಡ ಮಾತು ಹೊರಗೆ ಬರುತ್ತೆ. ಹನ್ನೊಂದು ಜನವೂ ನನ್ನನ್ನೇ ನೋಡುತ್ತಿದ್ದರು. ಗಂಡ ಹೋದ ಮೇಲೆ ಈ ಕತ್ತರಿಯೇ ನನಗೆ ಅನ್ನ. ಈ ವಯಸ್ಸಿಗೆ ಇನ್ನೆಲ್ಲಿ ಕರೆಯುತ್ತಾರೆ?

"ನಂಗೆ ಲೆಕ್ಕ ಬರಲ್ಲ ಸಾರ್" ಅಂದೆ.

ಸಫೂರಾ ಬೈಯಲಿಲ್ಲ. ಕುತ್ತಿಗೆಯ ಕಾರ್ಡು ತೆಗೆದಿಟ್ಟು, "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ ಅಜ್ಜಿ" ಅಂದಳು.

ಸೋಮವಾರದಿಂದ ಲೈನಿನ ಟಾರ್ಗೆಟ್ ಎಪ್ಪತ್ತೈದು. ಜಾಹಿದ್ ಇನ್ನೂ ಎದ್ದಿಲ್ಲ ಅಂತ ಭದ್ರಾವತಿಯಿಂದ ಬರುವವಳೊಬ್ಬಳು ಮೊನ್ನೆ ಹೇಳಿದಳು. ನಾನು ಕೇಳಿರಲಿಲ್ಲ. ಅವಳೇ ಹೇಳಿದಳು.